ಹುಲುಗೇಶನ ಎಣ್ಣೆ, ಗಿಡ್ಡಮ್ಮನ ಸಾಕ್ಷಿ

ಹುಲುಗೇಶ ನನ್ನ ಅಂಗಡಿಯ ಮೆಟ್ಟಿಲು ಮೊದಲ ಸಲ ಹತ್ತಿದ್ದು ನೀರಿನ ಫಿಲ್ಟರ್ ಮಾರುವುದಕ್ಕೆ. ನಮ್ಮ ಹಗರಿಬೊಮ್ಮನಹಳ್ಳಿಯ ನಲ್ಲಿ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಅದರೊಳಗೆ ಕರೆಂಟಿನ ಎರಡು ತಂತಿ ಇಳಿಬಿಟ್ಟ. ನೀರು ಕಂದು ಬಣ್ಣಕ್ಕೆ ತಿರುಗಿತು. ಅವನು ನೀರನ್ನು ನೋಡಲಿಲ್ಲ, ನನ್ನ ಮುಖ ನೋಡಿದ.

"ಇದನ್ನ ಕುಡದು ಬದುಕೀರಲ್ಲ ಶೆಟ್ರ, ನಿಮ್ಮ ಪುಣ್ಯ ದೊಡ್ಡದು" ಅಂದ.

ಫಿಲ್ಟರ್ ನಾನು ಕೊಳ್ಳಲಿಲ್ಲ. ಆದರೆ ಹುಡುಗ ಕಸುಬುದಾರ ಎಂದು ಅವತ್ತೇ ಗೊತ್ತಾಯಿತು. ಮೊದಲು ಗಿರಾಕಿಯ ಎದೆಯಲ್ಲಿ ಭಯ ಹಾಕಬೇಕು, ಆಮೇಲೆ ಆ ಭಯಕ್ಕೆ ಬೆಲೆ ಹೇಳಬೇಕು. ಇದನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಅವನು ತಂಬ್ರಹಳ್ಳಿಯಿಂದ ಬರುವಾಗಲೇ ಕಲಿತು ಬಂದಿದ್ದ.

ಫಿಲ್ಟರ್ ಆದ ಮೇಲೆ ಸೊಂಟದ ನೋವು ಹೀರುವ ಆಯಸ್ಕಾಂತದ ಹಾಸಿಗೆ. ಹಾಸಿಗೆ ಆದ ಮೇಲೆ ಶ್ರೀಗಂಧದ ಸಸಿ. ಸಸಿ ಕೊಂಡವರು ಒಣಗಿದ ಕಡ್ಡಿ ಹಿಡಿದುಕೊಂಡು ಹುಡುಕುತ್ತ ಬರುವ ಹೊತ್ತಿಗೆ ಹುಲುಗೇಶ ಊರಲ್ಲಿರಲಿಲ್ಲ. ಆಂಧ್ರದ ಕಡೆ ದೊಡ್ಡ ದೊಡ್ಡ ಪ್ರಾರ್ಥನಾ ಸಭೆಗಳಿಗೆ ಕುರ್ಚಿ ಹಾಕುವ ಕೆಲಸಕ್ಕೆ ಸೇರಿದ್ದನಂತೆ. ಕುರ್ಚಿ ಹಾಕುತ್ತ ಹಾಕುತ್ತ ವೇದಿಕೆಯ ಮೇಲೆ ನಡೆಯುವುದನ್ನು ನೋಡಿದ. ಅಷ್ಟೇ ಅವನ ವಿದ್ಯಾಭ್ಯಾಸ. ಕೆಲವು ವರ್ಷ ಬಿಟ್ಟು ಬಂದಾಗ ಮೈಮೇಲೆ ಬಿಳಿ ಬ್ಲೇಜರ್, ನಮ್ಮ ಊರಿನ ಬಿಸಿಲಿಗೆ ಬೆನ್ನೆಲ್ಲ ಒದ್ದೆಯಾದರೂ ಬಿಚ್ಚುತ್ತಿರಲಿಲ್ಲ. ಹೆಸರು ಪಾಸ್ಟರ್ ಜೋಶುವಾ. ಹತ್ತಿ ಮಿಲ್ಲಿನ ಹಳೆ ಗೋದಾಮು ಬಾಡಿಗೆಗೆ ಹಿಡಿದು 'ಜಯಜ್ವಾಲೆ ಪ್ರಾರ್ಥನಾಲಯ' ಎಂದು ಬೋರ್ಡು ಹಾಕಿದ. ಬೋರ್ಡಿನಲ್ಲಿ ಅವನದು ಆಳೆತ್ತರದ ಫೋಟೊ. ಯೇಸುಸ್ವಾಮಿ ಒಂದು ಮೂಲೆಯಲ್ಲಿ, ಸಾಬೂನಿನ ಪೊಟ್ಟಣದ ಮೇಲೆ ಕಂಪನಿಯ ಗುರುತು ಇರುವಷ್ಟು.

ಊರಿಗೆ ಕ್ರೈಸ್ತರು ಹೊಸಬರಲ್ಲ. ಸ್ಟೇಷನ್ ಹಿಂದೆ ಹೆಂಚಿನ ಹಳೆಯ ದೇವಮಂದಿರವಿದೆ, ಅದಕ್ಕೆ ಎರ್ರೆಪ್ಪ ಅಯ್ಯನವರು ಇದ್ದಾರೆ. ಸೈಕಲ್ ಮೇಲೆ ಓಡಾಡುವ ಮುದುಕರು. ಭಾನುವಾರ ತಾವೇ ಗಂಟೆ ಬಾರಿಸಿ, ಬಂದಷ್ಟು ಜನಕ್ಕೆ ವಾಕ್ಯ ಓದಿ ಹೇಳಿ ಕಳಿಸುತ್ತಾರೆ. ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ನಮಗೆ ಕರ್ಚಿಕಾಯಿ ಬರುತ್ತದೆ, ಯುಗಾದಿಗೆ ನಮ್ಮ ಹೋಳಿಗೆ ಅವರಿಗೆ ಹೋಗುತ್ತದೆ. ಅವರಿಂದ ಊರಿನಲ್ಲಿ ಯಾವ ಪವಾಡವೂ ಆಗಿಲ್ಲ, ಯಾರ ಮನೆಯೂ ಕೆಟ್ಟಿಲ್ಲ. ಇಂಥ ಅಂಗಡಿಯ ಎದುರು ದೀಪ ಹಾಕಿದ ಹೊಸ ಮಳಿಗೆ ಬಂದರೆ ಏನಾಗುತ್ತದೆ ಎಂದು ವ್ಯಾಪಾರಸ್ಥನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಪಾಸ್ಟರು ಒಂದು ದಿನ ನನ್ನ ಅಂಗಡಿಗೆ ಬಂದ.

"ಅಣ್ಣಾ, ಆಲಿವ್ ಎಣ್ಣಿ ಸಿಗತೈತೇನು?"

"ಅದನ್ನ ತರಿಸಬೇಕಂದ್ರ ನಿನ್ನ ಬ್ಲೇಜರ್ ಮಾರಬೇಕಾಗತೈತಿ. ಯಾತಕ್ಕ?"

"ಪ್ರಾರ್ಥನಾ ಮಾಡಿ ಕೊಡಾಕ. ಜನ ಹಣಿಗೆ ಹಚ್ಚಿಕೊಳ್ಳಾಕ."

"ಹಣಿಗಾದ್ರ ಕುಸುಬಿ ಎಣ್ಣಿ ಸಾಕು ತಗೊ."

"ಬಣ್ಣ ಹೆಂಗಿರತೈತಿ?"

"ನೀನು ಹೇಳಿದಂಗ ಇರತೈತಿ."

ಡಬ್ಬಿಗಟ್ಟಲೆ ಒಯ್ದ. ಮುಂದಿನ ಭಾನುವಾರ ಅದು ಹೆಬ್ಬೆರಳ ಗಾತ್ರದ ಸೀಸೆಗಳಲ್ಲಿ ಕೂತು 'ಯೆರೂಸಲೇಮಿನ ಅಭಿಷೇಕ ತೈಲ' ಆಗಿತ್ತು. ನನ್ನ ಡಬ್ಬಿ ಅಷ್ಟು ಬೇಗ ಯೆರೂಸಲೇಮಿಗೆ ಹೋಗಿ ಬಂದದ್ದಕ್ಕೆ ನಾನೇ ಬೆರಗಾದೆ. ಎಣ್ಣೆಯ ಬೆನ್ನಿಗೆ ಪ್ರಾರ್ಥನೆ ಮಾಡಿದ ಕರ್ಚೀಫು ಬಂತು, ಕರ್ಚೀಫಿನ ಬೆನ್ನಿಗೆ ಗಾಡಿಗೆ ಅಂಟಿಸುವ ಬೈಬಲ್ ವಾಗ್ದಾನದ ಸ್ಟಿಕ್ಕರ್, ಅವನದೇ ಫೋಟೊ ಇರುವ ಕ್ಯಾಲೆಂಡರ್. ಕ್ಯಾಲೆಂಡರಿನ ಹನ್ನೆರಡೂ ತಿಂಗಳಲ್ಲಿ ಅವನು ಬೇರೆ ಬೇರೆ ಬ್ಲೇಜರಿನಲ್ಲಿ ಆಕಾಶ ನೋಡುತ್ತಿದ್ದ.

ಆದರೆ ಅವನ ನಿಜವಾದ ಜಾಣತನ ಇದ್ದದ್ದು ಸಾಕ್ಷಿಯಲ್ಲಿ. ಕ್ರೈಸ್ತರ ಸಭೆಯಲ್ಲಿ ಒಂದು ಪದ್ಧತಿಯಿದೆ: ದೇವರಿಂದ ಒಳ್ಳೆಯದಾದವರು ಎದ್ದು ನಿಂತು ನಾಲ್ಕು ಜನರೆದುರು ಹೇಳುತ್ತಾರೆ. ಎರ್ರೆಪ್ಪ ಅಯ್ಯನವರ ಮಂದಿರದಲ್ಲಿ ಎಮ್ಮೆ ಈಯಿತು ಸ್ತೋತ್ರ, ಮಗ ಪಾಸಾದ ಸ್ತೋತ್ರ ಅಂತ ಹೇಳಿ ಕೂತುಬಿಡುತ್ತಿದ್ದರು. ಹುಲುಗೇಶ ಅದಕ್ಕೆ ಮೈಕು ಹಚ್ಚಿದ, ಕ್ಯಾಮೆರಾ ಹಚ್ಚಿದ, ಅಳು ಬರುವ ಕಡೆ ಕೀಬೋರ್ಡು ಏರಿಸಿದ. ನಾನು ಇಷ್ಟು ವರ್ಷ ಬೆಲ್ಲ ಮಾರಿದ್ದೇನೆ. ಒಬ್ಬ ಗಿರಾಕಿಯೂ ಬಜಾರಿನಲ್ಲಿ ನಿಂತು ಕಣ್ಣೀರು ಹಾಕುತ್ತ ನನ್ನ ಬೆಲ್ಲ ಹೊಗಳಿಲ್ಲ.

ಸಾಕ್ಷಿ ಹೇಳುವವರು ಕಾಯಿಲೆ ಹೋಯಿತು ಅಂದರೆ ಅವನಿಗೆ ಸಾಲುತ್ತಿರಲಿಲ್ಲ. ಎಲ್ಲಿಂದ ಬಂದಿತ್ತು ಅನ್ನುವುದನ್ನೂ ಹೇಳಬೇಕು. ಅಜ್ಜಿಯ ದೇವರಿಂದ ಬಂದಿತ್ತು, ಪಕ್ಕದ ಮನೆಯ ಪ್ರಸಾದದಿಂದ ಬಂದಿತ್ತು, ತೋಳಿಗೆ ಕಟ್ಟಿದ ದಾರದಿಂದ ಬಂದಿತ್ತು. ಲೋಟದೊಳಗೆ ತಂತಿ ಇಳಿಬಿಡುವ ಕಸುಬನ್ನು ಅವನು ಬಿಟ್ಟಿರಲೇ ಇಲ್ಲ. ಕ್ರಮೇಣ ಅವನ ಸಭೆಯವರು ನೆರೆಮನೆಯ ಹೋಳಿಗೆ ವಾಪಸ್ ಕಳಿಸತೊಡಗಿದರು. ಎರ್ರೆಪ್ಪ ಅಯ್ಯನವರ ಕರ್ಚಿಕಾಯಿಯನ್ನೂ ಮುಟ್ಟಲಿಲ್ಲ, ಅದು ಪವಾಡ ಕಾಣದ ‘ಸತ್ತ ಸಭೆ’ಯ ತಿಂಡಿಯಂತೆ. ಒಂದೆರಡು ಸಲ ಕೇಸರಿ ಶಾಲು ಹೊದ್ದ ಹುಡುಗರು ಬಂದು ಗೋದಾಮಿನ ಬಾಗಿಲಲ್ಲಿ ಕೂಗಾಡಿ ಹೋದರು. ಅದರ ಮುಂದಿನ ವಾರ ಒಳಗೆ ಕುರ್ಚಿ ಸಾಲಲಿಲ್ಲ. ಅಂಥ ಪ್ರಚಾರ ಅವನಿಗೆ ಎಲ್ಲಿ ಕೇಳಿದರೂ ಸಿಗುತ್ತಿರಲಿಲ್ಲ.

ಇನ್ನು ಗಿಡ್ಡಮ್ಮನ ವಿಷಯ. ಬಸ್ ಸ್ಟ್ಯಾಂಡಿನ ಪಕ್ಕದ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಹೂವು ಮಾರುತ್ತಾಳೆ. ಬೆಳಗಿನ ಬಸ್ಸಿಗೆ ಹಡಗಲಿಯಿಂದ ಮಲ್ಲಿಗೆ ಬರುತ್ತದೆ, ಕಟ್ಟುತ್ತ ಕಟ್ಟುತ್ತ ಮಾರುತ್ತಾಳೆ. ಗಂಡನ ಮನೆಯವರು ಅಜ್ಜನ ಕಾಲದಿಂದ ಹೆಂಚಿನ ಮಂದಿರದವರು. ತವರು ಗುಡೇಕೋಟೆ, ಅಲ್ಲಿ ಅಣ್ಣ ಮೈಲಾರಲಿಂಗಪ್ಪ ಇದ್ದಾನೆ. ಕುರಿ ಕಾಯುತ್ತಾನೆ, ಮೈಲಾರಲಿಂಗನ ಗೊರವಯ್ಯ. ಕರಿ ಕಂಬಳಿ, ಕರಡಿ ಕೂದಲ ಟೋಪಿ, ಕೈಯಲ್ಲಿ ಡಮರುಗ, ಹಣೆ ತುಂಬ ಭಂಡಾರದ ಅರಿಶಿನ. ಗಿಡ್ಡಮ್ಮನ ಗಂಡ ಸತ್ತಾಗ ಮಗಳು ರೇಖಾ ಇನ್ನೂ ಕಂಕುಳ ಕೂಸು. ಅವಳನ್ನು ಗುಡೇಕೋಟೆಗೆ ಒಯ್ದು, ಬೆಳೆಸಿ, ಓದಿಸಿದವನು ಈ ಅಣ್ಣ. ರೇಖಾ ಈಗ ಕೊಟ್ಟೂರಿನಲ್ಲಿ ಶಾಲೆಯ ಮೇಡಂ.

ಅವಳಿಗೆ ಭೀಮರಾಜನ ಜೊತೆ ಮದುವೆ ಗೊತ್ತಾಯಿತು. ಕರೆಂಟ್ ಆಫೀಸಿನಲ್ಲಿ ಕೆಲಸ, ಭಾನುವಾರ ಹುಲುಗೇಶನ ಇಂಟರ್ನೆಟ್ ಚಾನೆಲ್ಲಿನ ಕ್ಯಾಮೆರಾ ನೋಡಿಕೊಳ್ಳುವ ಹುಡುಗ. ಅವನ ತಾಯಿಗೆ ಪಾಸ್ಟರ್ ಹೇಳಿದ್ದೇ ವೇದ. ಬೀಗರ ಮನಸ್ಸು ನೋಯಬಾರದೆಂದು ಗಿಡ್ಡಮ್ಮನೂ ಜಯಜ್ವಾಲೆಗೆ ಹೋಗತೊಡಗಿದಳು. ಅಲ್ಲಿ ಹೆಂಗಸರು ಹೂವು ಮುಡಿಯುವಂತಿಲ್ಲ, ಅದು ವಿಗ್ರಹದ ಸಾಮಾನು. ಪುಟ್ಟಿಯನ್ನು ಬಾಗಿಲ ಹೊರಗಿಟ್ಟು ಒಳಗೆ ಬರಬೇಕು. ಹೂವು ಮಾರಿದ ದುಡ್ಡಿನಲ್ಲಿ ಸಭೆಗೆ ಕೊಡಬೇಕಾದ ಹತ್ತರಲ್ಲೊಂದು ಪಾಲಿಗೆ, ದಶಮಾಂಶಕ್ಕೆ, ಮಾತ್ರ ಬಾಗಿಲಲ್ಲಿ ತಡೆಯಿಲ್ಲ.

ಚರ್ಚಿನ ಮದುವೆಯಲ್ಲಿ ಅಪ್ಪನಾದವನು ಮಗಳ ಕೈ ಹಿಡಿದು ಒಳಗೆ ಕರೆತರಬೇಕು. ಅಪ್ಪನಿಲ್ಲ. ಎಣ್ಣೆಗೆಂದು ಹುಲುಗೇಶ ಅಂಗಡಿಗೆ ಬಂದಾಗ ಗಿಡ್ಡಮ್ಮ ಕಟ್ಟೆಯ ಮೇಲಿಂದಲೇ ಕೇಳಿದಳು.

"ಪಾಸ್ಟ್ರೇ, ರೇಖಾನ ಕೈ ಹಿಡದು ನಮ್ಮಣ್ಣ ಕರಕೊಂಡು ಬರ್ತಾನ್ರಿ. ಎತ್ತಿ ಆಡಿಸಿದಾವ ಅವನಾ."

"ಯಾರು, ಆ ಡಮರುಗ ಬಾರಸಾವನ?"

"ಡಮರುಗ ಮನ್ಯಾಗ ಬಿಟ್ಟು ಬರ್ತಾನ್ರಿ. ಬಿಳಿ ಅಂಗಿ ಹೊಲಿಸ್ಯಾನ."

"ಡಮರುಗ ಬಿಡಬಹುದು ಸಿಸ್ಟರ್, ಒಳಗಿನ ದೆವ್ವ ಬಿಡತಾನೇನು? ಅಂಥಾವನ ನೆಳ್ಳು ಬಿದ್ರ ಆ ಕೂಸಿನ ಸಂಸಾರಕ್ಕ ಶಾಪ."

ಗಿಡ್ಡಮ್ಮನ ಕೈಯಲ್ಲಿ ದಾರ ನಿಂತಿತು. ಗಿರಾಕಿ ಹೆದರಿದಳು ಎಂದು ಹುಲುಗೇಶನಿಗೆ ತಿಳಿಯಿತು. ದನಿ ಮೆತ್ತಗೆ ಮಾಡಿದ.

"ಒಂದು ಕೆಲಸ ಮಾಡು. ಕ್ರಿಸ್‌ಮಸ್ ಮುಂಚೆ ನಮ್ಮ ಮಹೋತ್ಸವ ಐತಲ್ಲ, ಅವತ್ತು ನಿನ್ನ ಮೊಣಕಾಲಿನ ಸಾಕ್ಷಿ ಹೇಳು. ನಿಮ್ಮಣ್ಣನ ದೇವರಿಂದ ಕಾಲು ಹೋಗಿತ್ತು, ನಮ್ಮ ಎಣ್ಣಿಯಿಂದ ಬಂತು ಅನ್ನು. ಆಮ್ಯಾಲ ಮದುವಿ ದಿನ ಅವನ್ನ ಹೊರಗ ಶಾಮಿಯಾನದಾಗ ಊಟಕ್ಕ ಕುಂದರಸೂಣು."

"ಬರೇ ಊಟಕ್ಕೇನ್ರಿ?"

"ಬ್ಯಾಡಂದ್ರ ಹೇಳು. ಭೀಮರಾಜಗ ನಮ್ಮ ಸಭಾದಾಗ ಬ್ಯಾರೆ ಹುಡಿಗ್ಯಾರು ಅದಾರ."

ನಾನು ತಡೆಯಲಾರದೆ ಕೇಳಿದೆ: "ಲೇ ಹುಲುಗೇಶಿ, ನೀನು ಮದುವಿ ಮಾಡಸ್ತೀಯೋ, ಚೌಕಾಸಿ ಮಾಡ್ತೀಯೋ?"

"ಇದು ಆತ್ಮದ ವಿಷಯ ಶೆಟ್ರ. ನಿಮಗ ತಿಳಿಯಂಗಿಲ್ಲ."

"ಖರೇ. ನನಗ ಎಣ್ಣಿ ವಿಷಯ ಅಷ್ಟಾ ತಿಳಿತೈತಿ."

ಡಬ್ಬಿ ಎತ್ತಿಕೊಂಡು ಹೋದ.

ಗಿಡ್ಡಮ್ಮನ ಮೊಣಕಾಲಿನ ಕಥೆ ನನಗೆ ಗೊತ್ತಿತ್ತು. ಹಿಂದಿನ ವರ್ಷ ನೀರು ತುಂಬಿಕೊಂಡು ಬಾತಿತ್ತು. ಅಣ್ಣ ತನ್ನ ಮೊಪೆಡ್ ಮೇಲೆ ಬಂದು, ಅವಳನ್ನು ಬಸ್ಸಿಗೆ ಹತ್ತಿಸಿ, ದೊಡ್ಡಾಸ್ಪತ್ರೆಗೆ ಒಯ್ದು, ಮೆಟ್ಟಿಲುಗಳನ್ನು ಬೆನ್ನ ಮೇಲೆ ಹೊತ್ತು ಹತ್ತಿದ. ಡಾಕ್ಟರು ಸೂಜಿಯಿಂದ ನೀರು ತೆಗೆದರು. ಹುಲುಗೇಶನ ಎಣ್ಣೆ ಬಂದದ್ದು ಆಮೇಲೆ, ನಡೆದು ಹೋಗಿ ಅವಳೇ ಕೊಂಡು ತಂದದ್ದು.

ಮಹೋತ್ಸವ ಹತ್ತಿರ ಬಂದಾಗ ಕೇಳಿದೆ: "ಏನು ಮಾಡ್ತೀಯವ್ವ?"

"ಅಣ್ಣಗ ಹೇಳೀನ್ರಿ. ‘ಅನ್ನು ತಂಗಿ, ನೀ ಬೈದ್ರ ನನ್ನ ಕುರಿ ಸಾಯಂಗಿಲ್ಲ. ಹೊರಗಾ ಉಣ್ತೀನಿ, ಹುಡಿಗಿ ಮದುವಿ ಆದ್ರ ಸಾಕು’ ಅಂದ."

"ಮತ್ತೇನು, ಸುಲಭ ಆತಲ್ಲ."

"ಅವ ಹಂಗಂದದ್ದಕ್ಕಾ ಹೊಟ್ಟಿ ಉರಿತೈತ್ರಿ ಶೆಟ್ರ."

ಮಹೋತ್ಸವ ನಡೆದದ್ದು ಸಂತೆ ಮೈದಾನದಲ್ಲಿ. ನನ್ನ ಸರಕು ಹೇಗೆ ಓಡುತ್ತದೆ ನೋಡೋಣ ಎಂದು ಸಂಜೆ ನಾನೂ ಹೋದೆ. ವೇದಿಕೆಯ ಬಲಗಡೆ ಎಣ್ಣೆ, ಎಡಗಡೆ ಕ್ಯಾಲೆಂಡರ್, ನಡುವೆ ದೇವರ ರಾಜ್ಯ. ಮೈದಾನದ ಅಂಚಿಗೆ ಮಿರ್ಚಿ ಗಾಡಿಯ ಪಕ್ಕ ಮೈಲಾರಲಿಂಗಪ್ಪ ಕಂಬಳಿ ಹೊದ್ದು ನಿಂತಿದ್ದ. ತನ್ನನ್ನು ಬೈಯುವುದನ್ನು ಕೇಳಲು ಗುಡೇಕೋಟೆಯಿಂದ ಬಂದಿದ್ದ.

ಗಿಡ್ಡಮ್ಮ ಕಂಬಿ ಹಿಡಿದು ವೇದಿಕೆ ಹತ್ತಿದಳು. ಹುಲುಗೇಶ ಮೈಕನ್ನು ಅವಳ ಬಾಯಿಗೆ ಹಿಡಿದ. ಕೀಬೋರ್ಡು ಮೆಲ್ಲಗೆ ನರಳತೊಡಗಿತು.

"ಸಿಸ್ಟರ್, ನಿಮ್ಮ ಕಾಲು ಹೆಂಗಿತ್ತು?"

"ಬಾತು ಕುಂಬಳಕಾಯಿ ಆಗಿತ್ರಿ."

"ಈಗ?"

"ಈಗ ನೋವಿಲ್ರಿ. ಯೇಸಪ್ಪಗ ಸ್ತೋತ್ರ."

ಜನ ಚಪ್ಪಾಳೆ ಹೊಡೆದರು. ಹುಲುಗೇಶ ಕಣ್ಣು ಮುಚ್ಚಿ ಮುಗಿಲಿಗೆ ಮುಖ ಮಾಡಿದ.

"ಆ ಕಾಲು ಯಾತರಿಂದ ಹೋಗಿತ್ತು, ಜನಕ್ಕ ಹೇಳ್ರಿ."

"ಹೂವಿನ ಪುಟ್ಟಿ ಹೊತ್ತು ಹೊತ್ತು ಹೋಗಿತ್ರಿ."

ಯಾರೋ ನಕ್ಕರು. ಹುಲುಗೇಶ ಕಣ್ಣು ತೆರೆದ. "ಅದಲ್ಲ ಸಿಸ್ಟರ್. ನಿಮ್ಮಣ್ಣನ ವಿಷಯ..."

"ಹೂಂ, ಅಣ್ಣನ ವಿಷಯ ಹೇಳ್ಬೇಕ್ರಿ. ಮೈಲಾರಲಿಂಗಪ್ಪ ಅಂತ. ಅಗಾ ಅಲ್ಲಿ ಮಿರ್ಚಿ ಗಾಡಿ ಹತ್ರ ನಿಂತಾನ. ನನ್ನನ್ನ ಬೆನ್ನ ಮ್ಯಾಲ ಹೊತ್ಕೊಂಡು ಆಸ್ಪತ್ರಿ ಮೆಟ್ಲ ಹತ್ತಿದ. ಡಾಕ್ಟ್ರು ಸೂಜಿ ಹಾಕಿ ನೀರು ತಗದ್ರು, ನೋವು ಹೋತು. ಎಣ್ಣಿ ಆಮ್ಯಾಲ ಹಚ್ಚಿದೆ. ಹಚ್ಚಿಲ್ಲ ಅನ್ನಂಗಿಲ್ಲ."

ಹುಲುಗೇಶ ಮೈಕು ಕಸಿದುಕೊಂಡ. "ಸೈತಾನ ಸಿಸ್ಟರ್ ನಾಲಿಗಿ ಹಿಡದಾನ, ಎಲ್ಲಾರೂ ಪ್ರಾರ್ಥನಾ ಮಾಡ್ರಿ" ಎಂದು ಕೂಗುತ್ತ, ಕ್ಯಾಮೆರಾ ನಿಲ್ಲಿಸು ಅಂತ ಭೀಮರಾಜನಿಗೆ ಕೈ ಬೀಸಿದ. ಆದರೆ ಬಸ್ ಸ್ಟ್ಯಾಂಡಿನ ಹಾರ್ನುಗಳನ್ನು ಮೀರಿ ಹೂವು ಕೂಗಿ ಮಾರಿದ ಗಂಟಲಿಗೆ ಮೈಕು ಯಾಕೆ ಬೇಕು?

"ನಮ್ಮಣ್ಣನ ಮ್ಯಾಲ ಸಿಟ್ಟೈತಿ ಅಂತ ಯೇಸಪ್ಪ ನನಗ ಯಾವತ್ತೂ ಹೇಳಿಲ್ಲ ಪಾಸ್ಟ್ರೇ" ಅಂದಳು. "ನಿಮಗೇನರ ಹೇಳ್ಯಾನೇನು?"

ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ಅಷ್ಟು ದಿನ ಕಣ್ಣು ಮುಚ್ಚಿಕೊಂಡೇ ಅದನ್ನು ನಡೆಸುತ್ತಿದ್ದ ಭೀಮರಾಜ, "ಬಟನ್ನಾ ಸಿಗಲಿಲ್ರಿ" ಅಂದ.

ಮರುದಿನವೇ ಹುಲುಗೇಶ, ಆ ಮದುವೆ ತನ್ನ ಪ್ರಾರ್ಥನಾಲಯದಲ್ಲಿ ನಡೆಯುವುದಿಲ್ಲ, ನಡೆಸಿದವರಿಗೆ ಶಾಪ ಎಂದು ಸಾರಿದ. ಭೀಮರಾಜನ ತಾಯಿ ಅತ್ತಳು, ಊಟ ಬಿಟ್ಟಳು. "ಮದುವಿ ನಂದು ಬೇ, ಚಾನೆಲ್ ಅವನದು" ಅಂದ ಮಗ. ಮದುವೆ ಹೆಂಚಿನ ಮಂದಿರಕ್ಕೆ ಬಂತು.

ಅವತ್ತು ಹಡಗಲಿಯ ಮಲ್ಲಿಗೆಯೆಲ್ಲ ಆ ಮಂದಿರದೊಳಗೇ ಇತ್ತು, ಬಾಗಿಲ ಹೊರಗೆ ಒಂದು ಮೊಗ್ಗೂ ಉಳಿದಿರಲಿಲ್ಲ. ಮೈಲಾರಲಿಂಗಪ್ಪ ಹೊಸ ಬಿಳಿ ಅಂಗಿ ತೊಟ್ಟು ರೇಖಾನ ಪಕ್ಕ ನಿಂತಿದ್ದ. ಹೊಸಿಲು ದಾಟುವ ಮೊದಲು ಏನು ನೆನಪಾಯಿತೋ, ಹೆಗಲ ಟವೆಲ್ಲು ತೆಗೆದು ಹಣೆಯ ಭಂಡಾರ ಒರೆಸಿಕೊಳ್ಳಲು ಹೊರಟ. ಎರ್ರೆಪ್ಪ ಅಯ್ಯನವರು ಒಳಗಿನಿಂದಲೇ ಗದರಿದರು.

"ಯಾಕ ಒರಸ್ತೀಯಪ್ಪ? ಇಲ್ಲಿ ನಿನ್ನ ಹಣಿ ನೋಡಾಕ ಯಾರೂ ಬಂದಿಲ್ಲ. ಹುಡಿಗಿ ಕೈ ಹಿಡಿ, ಹೊತ್ತಾತು."

ಹಿಡಿದ. ಕುರಿಯ ಹಿಂದೆ ನಡೆದ ಕಾಲು, ಸಾವಕಾಶ ಗೊತ್ತಿಲ್ಲ. "ಮಾವ, ಮೆಲ್ಲಕ" ಎಂದು ರೇಖಾ ಸೀರೆ ಹಿಡಿದುಕೊಂಡು ಹಿಂದೆ ಹಿಂದೆ ಓಡಿದಳು.

ಹುಲುಗೇಶ ಇದರಿಂದ ನಾಚಿಕೊಂಡನೆಂದು ತಿಳಿದರೆ ನಿಮಗೆ ವ್ಯಾಪಾರ ಗೊತ್ತಿಲ್ಲ. ಆ ಸಂಜೆಯ ವಿಡಿಯೊದಲ್ಲಿ ಅಣ್ಣನನ್ನು ಕತ್ತರಿಸಿದ, ಡಾಕ್ಟರನ್ನು ಕತ್ತರಿಸಿದ. ‘ಈಗ ನೋವಿಲ್ರಿ, ಯೇಸಪ್ಪಗ ಸ್ತೋತ್ರ’ ಅನ್ನುವಷ್ಟನ್ನು ಉಳಿಸಿಕೊಂಡು ಚಾನೆಲ್ಲಿನಲ್ಲಿ ಓಡಿಸುತ್ತಿದ್ದಾನೆ. ಎಣ್ಣೆ ಸೀಸೆಯ ಚೀಟಿಯ ಮೇಲೆ ಈಗ ಗಿಡ್ಡಮ್ಮನ ಮುಖವಿದೆ. ಎಣ್ಣೆಗೆ ಮಾತ್ರ ನನ್ನ ಅಂಗಡಿಗೆ ಬರುವುದಿಲ್ಲ, ಬೇರೆ ಕಡೆಯಿಂದ ಪಾಮೋಲಿನ್ ತರಿಸುತ್ತಾನಂತೆ. ಯೆರೂಸಲೇಮು ಒಂದು ದರ್ಜೆ ಕೆಳಗಿಳಿಯಿತು. ಪವಾಡಗಳಿಗೆ ಅದರಿಂದ ಏನೂ ವ್ಯತ್ಯಾಸವಾದಂತಿಲ್ಲ.

ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದ ಬಂದು ಬಸ್ಸಿಳಿದವರು ಕೆಲವರು ನನ್ನ ಕಟ್ಟೆಯ ಮುಂದೆ ನಿಂತು ಹಣಕಿ ನೋಡುತ್ತಾರೆ.

"ಆ ಎಣ್ಣಿ ಅಮ್ಮ ನೀವಾ ಅಲ್ಲೇನ್ರಿ?"

ಗಿಡ್ಡಮ್ಮ ಹೂವಿನಿಂದ ಕಣ್ಣೆತ್ತುವುದಿಲ್ಲ.

"ಎಣ್ಣಿ ಒಳಗ ಶೆಟ್ರ ಹತ್ರ ಐತಿ ನೋಡ್ರಿ, ಮಿರ್ಚಿ ಕರಿಯಾಕ ಚಲೋ. ಮೊಣಕಾಲಿಗಾದ್ರ ಮನ್ಯಾಗ ಅಣ್ಣ ಅದಾನೇನು ಕೇಳ್ರಿ. ಇದ್ರ ಅವನ್ನ ಕರಕೊಂಡು ದೊಡ್ಡಾಸ್ಪತ್ರಿ ಬಸ್ ಹತ್ರಿ. ಮೆಟ್ಲ ಭಾಳ ಅದಾವು."