ನಿಂತರೆ ಬಿಸಿಯಾಗುವ ಕಾರು

ಗೆಳೆಯರೇ, ನಮ್ಮ ಕಾರಿನ ರೋಗ ಇವತ್ತು ಪತ್ತೆಯಾಯಿತು. ಓಡುವಾಗ ಚೆನ್ನಾಗಿರುವ ಎಂಜಿನ್, ನಿಲ್ಲಿಸಿ ಚಾಲೂ ಇಟ್ಟರೆ ಕುದಿಯುತ್ತಿತ್ತು.

ಕಾಲು ಮುರಿದುಕೊಂಡು ಜಗಲಿಯಲ್ಲಿ ಕೂತಿರುವ ಅಪ್ಪ, "ಉಷ್ಣ ಆಗೈತೆ, ಎಳ್ನೀರು ಹುಯ್ರಲಾ!" ಎಂದು ಗದರಿದರು.

ಮೆಕ್ಯಾನಿಕ್ ನಕ್ಕ. "ಓಡುವಾಗ ಗಾಳಿ ಸಿಕ್ತದೆ ಕಣ್ರೀ. ನಿಂತಾಗ ತಂಪು ಮಾಡೋ ಫ್ಯಾನೇ ತಿರುಗ್ತಿಲ್ಲ." ಫ್ಯಾನಿಗೆ ಹೊಸ ಮೋಟಾರು ಹಾಕಿದ.

ಅವ್ವ ನನ್ನ ಕಿವಿಯಲ್ಲಿ, "ನಿಮ್ಮಪ್ಪಂದೂ ಇದೇ ಕಾಯಿಲೆ ಕಣ್ಲಾ. ತೋಟದಲ್ಲಿ ಓಡಾಡ್ತಿದ್ದಾಗ ತಣ್ಣಗಿದ್ರು" ಎಂದಳು. ಆಮೇಲೆ ಅಟ್ಟದಿಂದ ಒಂದು ಮಂಕರಿ ತೆಂಗಿನಕಾಯಿ ಇಳಿಸಿ ಅಪ್ಪನ ಮುಂದಿಟ್ಟಳು. "ಕೊಬ್ರಿ ಆಗಿರೋವನ್ನ ಆರಿಸ್ಕೊಡಿ. ನಂಗೆ ಗೊತ್ತಾಗಲ್ಲ."

ಆಗಿನಿಂದ ಅಪ್ಪ ಒಂದೊಂದೇ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಕೇಳುತ್ತಿದ್ದಾರೆ. ಯಾರನ್ನೂ ಗದರಿಲ್ಲ.

ಅವ್ವ ನಿನ್ನೆ ತಾನೇ ಆರಿಸಿ ಬೇರೆ ಮಾಡಿಟ್ಟಿದ್ದ ಕಾಯಿಗಳನ್ನು ಮತ್ತೆ ಬೆರೆಸಿ ತಂದಿದ್ದಾಳೆ. ದಯವಿಟ್ಟು ಯಾರೂ ಅಪ್ಪನಿಗೆ ಹೇಳಬೇಡಿ.