ಜುಂಜಪ್ಪ ಕಾಯ್ದ ಹುಲ್ಲು

ಬಿಳಿಚೋಡಿನ ಜುಂಜಪ್ಪ ಕೂತಲ್ಲಿ ಕೂರುವ ಆಳಲ್ಲ. ಉಣ್ಣಲು ಕೂತರೂ ರೊಟ್ಟಿ ಕೈಯಲ್ಲಿ ಹಿಡಿದು ಎದ್ದುಬಿಡುತ್ತಿದ್ದ. ಕುರಿ ಕಾಯುವವನಿಗೆ ಅದು ಒಳ್ಳೆಯ ಗುಣವೇ ಎಂದು ಊರಿನವರು ಹೇಳುತ್ತಿದ್ದರು. ಹೆಂಡತಿ ಅಜ್ಜಮ್ಮ ಮಾತ್ರ ಹಾಗೆ ಹೇಳಿದವಳಲ್ಲ. ಕುರಿಗಳೇ ಮಲಗಿ ಮೆಲುಕು ಹಾಕುವಾಗ ಈ ಮನುಷ್ಯ ಯಾಕೆ ಸುತ್ತು ಹೊಡೆಯುತ್ತಾನೆ ಎಂಬುದು ಅವಳಿಗೆ ಬಗೆಹರಿಯಲೇ ಇಲ್ಲ.

ಜಗಳೂರು ಸೀಮೆಯ ಮೇವು ದೀಪಾವಳಿ ಕಳೆಯುವಷ್ಟರಲ್ಲಿ ತೀರಿಹೋಗುತ್ತದೆ. ಆಗ ಕುರಿಯವರು ಪಡುವಣಕ್ಕೆ ಹೊರಡುತ್ತಾರೆ. ಭದ್ರಾ ಕಾಲುವೆಯ ಬಯಲಿಗಿಳಿದು, ತ್ಯಾವಣಿಗೆ, ಚನ್ನಗಿರಿ ಕಡೆಯ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಊರಿಂದೂರಿಗೆ ಸಾಗುತ್ತಾರೆ. ಎಪ್ಪತ್ತರ ದಶಕದ ಆರಂಭದ ಒಂದು ವರ್ಷ ಜುಂಜಪ್ಪ ಹೀಗೆ ಹೊನ್ನಾಳಿಯವರೆಗೂ ಬಂದ. ಅಲ್ಲಿ ಹೊಳೆಯ ಪಕ್ಕದ ಬಯಲಿನಲ್ಲಿ ಮೊಣಕಾಲುದ್ದದ ಹಸಿ ಹುಲ್ಲು ಕಂಡಿತು. ಎರಡು ತುದಿಗೆ ಎರಡು ಜೋಡಿ ಕಂಬ ನೆಟ್ಟಿದ್ದನ್ನು ನೋಡಿದರೂ ಅವನು ಅದರ ಬಗ್ಗೆ ಯೋಚಿಸಲು ಹೋಗಲಿಲ್ಲ. ಕುರಿ ಬಿಟ್ಟ.

"ಏಯ್! ಯಾರಪ್ಪ ಅದು? ಇದು ಫುಟ್‌ಬಾಲ್ ಫೀಲ್ಡ್ ಐತೆ, ಗೋಮಾಳ ಅಲ್ಲ!"

ಕೂಗುತ್ತ ಓಡಿಬಂದವನು ದಸ್ತಗೀರ್. ಬಸ್‌ಸ್ಟ್ಯಾಂಡಿನ ಬಳಿ ಸೈಕಲ್ ರಿಪೇರಿ ಮಾಡುತ್ತಿದ್ದ ಅವನು ಸಂಜೆಯಾದರೆ ಹೊನ್ನಾಳಿ ತಂಡದ ಗೋಲ್‌ಕೀಪರ್.

"ಇಷ್ಟುದ್ದ ಹುಲ್ಲಾಗೆ ಅದೇನು ಆಡ್ತೀರಿ? ಚೆಂಡು ಹುಡುಕಾಕೇ ಸಂಜಿ ಆಗ್ತತಿ" ಎಂದ ಜುಂಜಪ್ಪ.

ದಸ್ತಗೀರನಿಗೆ ಸಿಟ್ಟಿನ ನಡುವೆಯೇ ನಗು ಬಂತು. ಹುಲ್ಲು ಕೊಯ್ಯುವ ಆಳು ಸಿಗದೆ ಆ ವಾರ ಆಟವೇ ನಿಂತಿತ್ತು. ಬೆಳಗ್ಗೆ ಕುರಿ ಮೇಯಲಿ, ಸಂಜೆ ಆಟಕ್ಕೆ ಮುಂಚೆ ಹಿಕ್ಕೆ ಗುಡಿಸಿ ಕೊಡಬೇಕು ಎಂದು ಇಬ್ಬರಲ್ಲೂ ಮಾತಾಯಿತು. ಗುಡಿಸಲು ಬಂದವನು ಆಟ ನೋಡುತ್ತ ನಿಂತ. ಆಮೇಲೆ ಒಂದು ಸಂಜೆ ಆಳು ಕಡಿಮೆಯಾದಾಗ ಬರಿಗಾಲಲ್ಲೇ ಇಳಿದ. ಚೆಂಡು ಸಿಕ್ಕಿತೆಂದರೆ ಯಾರಿಗೂ ಕೊಡದೆ ಓಡುತ್ತಿದ್ದ. ಒಮ್ಮೆ ಗೋಲನ್ನೂ ದಾಟಿ ಹೊಳೆಯ ಮರಳಿನವರೆಗೆ ಹೋಗಿದ್ದ. ಅಷ್ಟರಲ್ಲಿ ಕುರಿಗಳು ಯಾರದೋ ಸಸಿಮಡಿಗೆ ನುಗ್ಗಿದ್ದವು. ಅಂದು ಬೈಸಿಕೊಂಡವಳು ಅಜ್ಜಮ್ಮ. ಆದರೂ ಮುಂದಿನ ವರ್ಷಗಳಲ್ಲಿ ಕುರಿಗಳ ದಾರಿ ಹೊನ್ನಾಳಿಯನ್ನು ತಪ್ಪಿಸಲಿಲ್ಲ, ಇಬ್ಬರ ಸ್ನೇಹವೂ ಬೆಳೆಯಿತು.

ಆಮೇಲೆ ದಸ್ತಗೀರ್ ಯಾರೋ ಸಂಬಂಧಿಕರ ಕೈಹಿಡಿದು ಅರಬರ ದೇಶಕ್ಕೆ ಹೋದ. ಎಪ್ಪತ್ತೊಂಬತ್ತರಲ್ಲಿ ರಜೆಗೆ ಬಂದಾಗ ನೇರ ಬಿಳಿಚೋಡಿಗೇ ಬಂದು ಕೂತ.

"ದೊಡ್ಡ ಕ್ಲಬ್ಬು, ದೊಡ್ಡ ಸ್ಟೇಡಿಯಂ. ಆಡೋರಿಗೆ ಆಟಾನೇ ಕೆಲಸ, ಅದಕ್ಕೇ ಸಂಬಳ. ಅಲ್ಲಿ ಹುಲ್ಲು ನೋಡ್ಕಳ್ಳಾಕೆ ಒಬ್ಬ ಬೇಕಾಗ್ಯಾನೆ. ನಿಂಗೆ ಹೇಳಿ ಮಾಡಿಸ್ದಂಗೈತೆ."

ಹುಲ್ಲು ನೋಡಿಕೊಳ್ಳುವುದಕ್ಕೆ ಒಬ್ಬನನ್ನು ವಿಮಾನ ಹತ್ತಿಸಿ ಕರೆಸುತ್ತಾರೆಂದರೆ ಜುಂಜಪ್ಪನಿಗೆ ನಂಬಿಕೆಯಾಗಲಿಲ್ಲ. ಆದರೆ ಆ ರಾತ್ರಿಯಿಂದಲೇ ಅವನ ಕಾಲು ನಿಲ್ಲದಾಯಿತು. ಅಜ್ಜಮ್ಮನೇ ಕೊನೆಗೆ ಮಾತು ತೆಗೆದಳು.

"ಹೋಗು. ಇಲ್ಲಿದ್ರೂ ನೀನು ಇಲ್ಲಿರಾಕಿಲ್ಲ. ಕುರಿ ನಾನು ನೋಡ್ಕಂತೀನಿ."

ಅರಬರ ದೇಶಕ್ಕೆ ಬಂದಿಳಿದ ಜುಂಜಪ್ಪ ಸ್ಟೇಡಿಯಮ್ಮಿನ ಬಾಗಿಲು ದಾಟಿ ಒಳಗೆ ಕಾಲಿಟ್ಟ. ಸುತ್ತ ಕಣ್ಣು ಹಾಯುವಷ್ಟೂ ಮರಳು, ನಡುವೆ ಈ ಹಸಿರು. ಚಪ್ಪಲಿ ಬಿಟ್ಟು ಓಡಿಹೋಗಿ ಕೂತು ಎರಡೂ ಕೈಯಿಂದ ಸವರಿದ. ಕೈ ಸುಟ್ಟಿತು. ಎಳೆಗಳು ಒರಟಾಗಿ, ಒಂದೇ ಉದ್ದಕ್ಕೆ, ಒಂದೇ ಬಣ್ಣದಲ್ಲಿ ನಿಂತಿದ್ದವು. ಜಗ್ಗಿದರೆ ಬರಲಿಲ್ಲ.

"ಇದೇನೋ ಇದು?"

"ಪ್ಲಾಸ್ಟಿಕ್ಕು" ಎಂದ ದಸ್ತಗೀರ್, ಇಷ್ಟು ದಿನ ಅದುಮಿಟ್ಟಿದ್ದ ನಗುವನ್ನು ಬಿಟ್ಟು. "ಹುಲ್ಲು ಅಂತ ಹೇಳ್ದೆ. ಬೆಳೀತತಿ ಅಂತ ಹೇಳಿದ್ನಾ?"

ಕೆಲಸ ಕಷ್ಟದ್ದಲ್ಲ. ಕೆಳಗೆ ಟಾರು, ಅದರ ಮೇಲೆ ಗೋಂದು ಹಾಕಿ ಪಟ್ಟಿಪಟ್ಟಿಯಾಗಿ ಅಂಟಿಸಿದ ಹಾಸು. ಗಾಳಿ ತಂದು ಸುರಿದ ಮರಳನ್ನು ಯಂತ್ರದಿಂದ ಎಳೆಯಬೇಕು. ಆಟಕ್ಕೆ ಮೊದಲು ಪೈಪು ಹಿಡಿದು ನೀರು ಹೊಡೆದು ತಣಿಸಬೇಕು. ಪಟ್ಟಿ ಪಟ್ಟಿ ಕೂಡುವ ಜಾಗ ಎದ್ದರೆ ಮತ್ತೆ ಅಂಟಿಸಬೇಕು. ಮೈದಾನದ ಒಂದು ಬದಿ ದಸ್ತಗೀರನದು, ಇನ್ನೊಂದು ಬದಿ ಜುಂಜಪ್ಪನದು.

ತಣಿಸಿದರೂ ಅದರ ಕಾವು ಹೋಗುತ್ತಿರಲಿಲ್ಲ. ಜಾರಿ ಬಿದ್ದ ಆಟಗಾರರ ತೊಡೆಯ ಚರ್ಮ ಸುಲಿದು ಕೆಂಪಗಾಗುತ್ತಿತ್ತು. ಆಟ ಮುಗಿಸಿ ಬಂದವರು ಔಷಧಿ ಹಚ್ಚಿಸಿಕೊಳ್ಳುವಾಗ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಅದನ್ನು ಬೈಯುತ್ತಿದ್ದರು. ಮಾತು ತಿಳಿಯದಿದ್ದರೂ ಬೈಗುಳ ಜುಂಜಪ್ಪನಿಗೆ ತಿಳಿಯುತ್ತಿತ್ತು.

"ಒಂದು ಮಿಡತೆ ಸತೆ ಕೂರಲ್ಲ ನೋಡು ಇದ್ರ ಮ್ಯಾಲೆ" ಎನ್ನುತ್ತಿದ್ದ.

"ಮಿಡತಿಗೆ ಟಿಕೆಟ್ ಯಾರು ಕೊಡ್ತಾರೆ?" ಎಂದು ದಸ್ತಗೀರ್ ತಮಾಷೆ ಮಾಡುತ್ತಿದ್ದ.

ಜುಂಜಪ್ಪನಿಗೆ ತಮಾಷೆ ಹತ್ತುತ್ತಿರಲಿಲ್ಲ. ಕೆಲಸ ಮುಗಿದರೂ ಕೋಣೆಗೆ ಹೋಗದೆ ಖಾಲಿ ಗ್ಯಾಲರಿಯ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು ಮಾಡುತ್ತಿದ್ದ. ಎಂಥ ಹಸಿರು ಕಣ್ಣಿಗೆ! ಮೂಗಿಗೆ ಮಾತ್ರ ಕಾದ ರಬ್ಬರಿನ ವಾಸನೆ. ಕಣ್ಣು ಒಂದು ಹೇಳಿದರೆ ಮೂಗು ಇನ್ನೊಂದು ಹೇಳುವ ಆ ಜಾಗದಲ್ಲಿ ಅವನಿಗೆ ತಲೆ ಸಿಡಿಯುವಂತಾಗುತ್ತಿತ್ತು.

ಮೂರನೆಯ ಚಳಿಗಾಲದಲ್ಲಿ ಅಲ್ಲಿ ಅಪರೂಪದ ಮಳೆ ಬಿತ್ತು. ಅದಾದ ಮೇಲೆ ಒಂದು ಬೆಳಗ್ಗೆ, ತನ್ನ ಬದಿಯ ಅಂಚಿನಲ್ಲಿ ಎರಡು ಪಟ್ಟಿಗಳು ಕೂಡುವಲ್ಲಿ, ಜುಂಜಪ್ಪನಿಗೆ ಒಂದು ಎಳೆ ಕಂಡಿತು. ಉಳಿದವುಗಳಿಗಿಂತ ಮಂಕು ಹಸಿರು, ಸ್ವಲ್ಪ ಬಾಗಿದ್ದು. ತುದಿ ಚಿವುಟಿ ಮೂಗಿಗೆ ಹಿಡಿದ. ಹುಲ್ಲು! ಟಾರಿನ ಬಿರುಕಿನಲ್ಲಿ ಸೇರಿದ್ದ ಮಣ್ಣಿನಲ್ಲಿ ಎಲ್ಲಿಂದಲೋ ಹಾರಿಬಂದ ಬೀಜ ಮೊಳೆತಿತ್ತು.

ಇಂಥದ್ದು ಕಂಡರೆ ಕಿತ್ತು ಗೋಂದು ಹಾಕಬೇಕೆಂದು ಕಟ್ಟಪ್ಪಣೆಯಿತ್ತು. ಜುಂಜಪ್ಪ ಕೀಳಲಿಲ್ಲ. ಪೈಪಿನಲ್ಲಿ ಉಳಿದ ನೀರನ್ನು ಅಲ್ಲಿಗೆ ಬಿಟ್ಟ. ಎಳೆ ಕವಲೊಡೆದು ಅಂಗೈಯಗಲ ಹಬ್ಬಿತು. ಬೆಳಗ್ಗೆ ಅದರ ಹತ್ತಿರ ಕುಕ್ಕರುಗಾಲಲ್ಲಿ ಕೂರುವಷ್ಟು ಹೊತ್ತು ಅವನ ಕಾಲಿಗೆ ನಿಲುಗಡೆ ಸಿಗುತ್ತಿತ್ತು. ಆ ದೇಶಕ್ಕೆ ಬಂದ ಮೇಲೆ ಅವನು ಸುಮ್ಮನೆ ಕೂತದ್ದು ಅಲ್ಲೇ.

ದಸ್ತಗೀರ್ ಒಂದು ದಿನ ಅದನ್ನು ನೋಡಿಬಿಟ್ಟ.

"ಕಿತ್ತಾಕು. ಬೇರು ಇಳಿದ್ರೆ ಪಟ್ಟಿ ಏಳ್ತತಿ."

"ನಾಳೆ ಕೀಳ್ತೀನಿ."

ನಾಳೆ ಎನ್ನುವುದು ಹಾಗೆಯೇ ಮುಂದಕ್ಕೆ ಹೋಯಿತು.

ಆ ಕ್ಲಬ್ಬಿನಲ್ಲಿ ಇದ್ರೀಸ್ ಎಂಬ ಸೂಡಾನಿನ ಆಟಗಾರನಿದ್ದ. ಅಂಚಿನಗುಂಟ ಓಡುವುದೇ ಅವನ ಆಟ. ಅವನಿಗೆ ಚೆಂಡು ಸಿಕ್ಕಿದರೆ ಗ್ಯಾಲರಿ ಎದ್ದು ನಿಲ್ಲುತ್ತಿತ್ತು. ಆ ಸಂಜೆಯೂ ಎದ್ದಿತು. ಇದ್ರೀಸ್ ಒಬ್ಬನನ್ನು ದಾಟಿ, ಇನ್ನೊಬ್ಬನನ್ನು ಏಮಾರಿಸಿ ಜುಂಜಪ್ಪನ ಬದಿಗೆ ಓಡಿಬಂದ. ಅವನ ಬೂಟಿನ ತುದಿ ಆ ಜಾಗದಲ್ಲಿ ಎದ್ದಿದ್ದ ಪಟ್ಟಿಯ ಅಂಚಿಗೆ ಸಿಕ್ಕಿತು. ಕಾಲು ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು. ಮಂಡಿ ತಿರುಚಿದ ಸದ್ದು ಪೈಪು ಹಿಡಿದು ಗೆರೆಯಾಚೆ ನಿಂತಿದ್ದ ಜುಂಜಪ್ಪನಿಗೆ ಕೇಳಿಸಿತು.

ಮರುದಿನ ಮ್ಯಾನೇಜರ್ ಇಬ್ಬರನ್ನೂ ಕರೆಸಿದ. ಕೇಳುವ ಮೊದಲೇ ದಸ್ತಗೀರ್ ಹಿಂದಿಯಲ್ಲಿ ಹೇಳತೊಡಗಿದ: ಬಿಸಿಲಿಗೆ ಗೋಂದು ಬಿಟ್ಟಿದೆ ಸಾಬ್, ಇದು ಯಾರ ತಪ್ಪೂ ಅಲ್ಲ. ಜುಂಜಪ್ಪನಿಗೆ ಅಷ್ಟು ಹಿಂದಿ ಆಗಲೇ ಬರುತ್ತಿತ್ತು.

"ಗೋಂದು ಬಿಟ್ಟಿಲ್ಲ" ಎಂದ. "ಅಲ್ಲಿ ಹುಲ್ಲು ಹುಟ್ಟಿತ್ತು. ನಾನು ಕೀಳಲಿಲ್ಲ."

"ಯಾಕೆ?" ಎಂದ ಮ್ಯಾನೇಜರ್.

ಜುಂಜಪ್ಪ ಅಂಗೈ ಬಿಡಿಸಿ, ಇಷ್ಟೇ ಅಗಲ ಇತ್ತು ಎಂದು ತೋರಿಸಿದ. ಮ್ಯಾನೇಜರ್ ಕೂಗಾಡಲಿಲ್ಲ. ಊರಿಗೆ ಕಳಿಸಲು ಹೇಳಿದ, ಅಷ್ಟೇ.

ಹೊರಡುವ ಮುನ್ನ ಜುಂಜಪ್ಪ ಹಠ ಹಿಡಿದು ಆಸ್ಪತ್ರೆಗೆ ಹೋದ. ಇದ್ರೀಸನ ಕಾಲಿಗೆ ಕಟ್ಟು ಹಾಕಿ ಮೇಲಕ್ಕೆ ತೂಗುಬಿಟ್ಟಿದ್ದರು. ನಡೆದದ್ದನ್ನೆಲ್ಲ ದಸ್ತಗೀರ್ ತನ್ನ ಮುರುಕು ಅರಬ್ಬಿಯಲ್ಲಿ ಹೇಳಿದ. ಇದ್ರೀಸ್ ಏನೋ ಒಂದು ಮಾತು ಕೇಳಿದ.

"ಏನಂತಾನೆ?"

"ಬಿಡು, ಹೋಗಾನ."

"ಹೇಳು ದಸ್ತಗೀರ್."

"ಹುಲ್ಲು ಬದುಕ್ಲಿ ಅಂತ ಬಿಟ್ಯಲ್ಲ, ಅದ್ರ ಮ್ಯಾಲೆ ಓಡೋನು ನೆಪ್ಪಿಗೆ ಬರ್ಲಿಲ್ವಾ ಅಂತಾನೆ."

ಜುಂಜಪ್ಪ ಕೈಮುಗಿದು ನಿಂತ. ಇದ್ರೀಸ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಊರಿಗೆ ಬಂದಾಗ ಅಜ್ಜಮ್ಮ ಹಿಂಡನ್ನು ಹೆಚ್ಚಿಸಿದ್ದಳು. ಯಾವ ಊರಲ್ಲಿ ಯಾರ ಗದ್ದೆ, ಎಷ್ಟು ರಾತ್ರಿ ಎಂಬುದನ್ನೆಲ್ಲ ಅವಳೇ ಮಾತಾಡುತ್ತಿದ್ದಳು. ಗಂಡ ಈಗ ಅವಳ ಹಿಂದೆ ಹೊರಟ. ಚನ್ನಗಿರಿ ದಾರಿಯಲ್ಲಿ ನಡೆಯುತ್ತ ಅವನು ಎಲ್ಲವನ್ನೂ ಹೇಳಿದ. ಅವಳು ಕೇಳಿ ಮುಗಿಸಿ, "ಕೀಳ್ಬೇಕಿತ್ತು. ಹುಲ್ಲು ಎಲ್ಲಿಲ್ಲ ಹೇಳು?" ಎಂದಳು. ಸಮಾಧಾನ ಹೇಳುವ ಹೆಂಗಸಲ್ಲ ಅವಳು.

ಜುಂಜಪ್ಪ ಹೊನ್ನಾಳಿಯ ಮೈದಾನದ ಹತ್ತಿರ ಹೋಗುವುದನ್ನೇ ಬಿಟ್ಟ. ದೂರದಲ್ಲಿ ಚೆಂಡು ಒದ್ದ ಸದ್ದಾದರೆ ಹಿಂಡನ್ನು ಇನ್ನೊಂದು ದಾರಿಗೆ ತಿರುಗಿಸುತ್ತಿದ್ದ. ಎಂಬತ್ತೈದರಲ್ಲಿ ದಸ್ತಗೀರನೂ ಗಂಟುಮೂಟೆ ಕಟ್ಟಿ ವಾಪಸು ಬಂದ. ಕ್ಲಬ್ಬಿನವರು ಪ್ಲಾಸ್ಟಿಕ್ಕನ್ನೆಲ್ಲ ಕಿತ್ತು ನಿಜವಾದ ಹುಲ್ಲು ಬೆಳೆಸಿದ್ದರು. ಅದನ್ನು ನೋಡಿಕೊಳ್ಳಲು ಬೇರೆ ಕಂಪನಿಯ ಜನ ಬಂದಿದ್ದರು.

"ಆಡೋರು ಈಗ ಖುಷಿಯಾಗವ್ರೆ" ಎಂದ ದಸ್ತಗೀರ್.

"ಇದ್ರೀಸು?"

"ನಡೀತಾನೆ. ಆಡಾಕಾಗಲ್ಲ. ಊರಿಗೆ ಹೋದ ಅಂದ್ರು."

ತನಗೆ ಬೇಕಾಗಿದ್ದ ಹುಲ್ಲೇ ಅಲ್ಲಿ ಬೆಳೆಯಿತೆಂದು ಕೇಳಿ ಜುಂಜಪ್ಪನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. 

ಆ ಬೇಸಿಗೆ ಅವರ ಕುರಿ ತ್ಯಾವಣಿಗೆ ಬಳಿ ನಿಂತಿದ್ದಾಗ ಬದುವಿನ ಮೇಲೆ ಒಂದು ಜೀಪು ಬಂತು. ಇಳಿದವರು ನ್ಯಾಮತಿಯ ಅಡಿಕೆ ವ್ಯಾಪಾರಿ ಷಣ್ಮುಖಪ್ಪ, ಅಲ್ಲಿನ ಫುಟ್‌ಬಾಲ್ ಟೂರ್ನಮೆಂಟಿನ ಅಧ್ಯಕ್ಷರು. ದೆಹಲಿಯ ಏಷ್ಯನ್ ಗೇಮ್ಸಿನಲ್ಲಿ ಹಾಕಿ ಆಟಕ್ಕೆ ಹಾಸಿದ್ದ ಪ್ಲಾಸ್ಟಿಕ್ ನೆಲವನ್ನು ಟಿವಿಯಲ್ಲಿ ನೋಡಿದಾಗಿನಿಂದ ಅವರಿಗೆ ಅದೇ ಗುಂಗು. ಗೋಲಿನ ಮುಂದೆ ಗುಂಡಿ ಬೀಳುವ ಜಾಗಕ್ಕೆ ಹಾಸಲೆಂದು ಬೊಂಬಾಯಿಯಿಂದ ಹಸಿರು ಸುರುಳಿಗಳನ್ನು ತರಿಸಿದ್ದರು.

"ಇದನ್ನ ಹಾಸಾಕೆ ಈ ಸೀಮೆಗೆಲ್ಲ ನಿಮ್ಮಷ್ಟು ಚಂದಾಗಿ ಯಾರಿಗೂ ಬರಲ್ಲ ಅಂತ ದಸ್ತಗೀರ್ ಹೇಳಿದ್ರು. ಬರ್ರಿ."

"ಬ್ಯಾಡ್ರಿ ಸಾವ್ಕಾರ್ರೆ. ಹುಲ್ಲೇ ಬೆಳೆಸ್ರಿ."

"ಹುಲ್ಲಿಗೆ ಮಳೆ ಬರ್ಬೇಕು. ಆಟ ಬರೋ ವಾರ ಐತೆ. ನೀವು ಒಲ್ಲೆ ಅಂದ್ರೆ ನಮ್ಮ ಹುಡುಗ್ರೇ ಮೊಳೆ ಹೊಡೆದು ಹಾಸ್ತಾರೆ ಬಿಡ್ರಿ."

ಮೊಳೆ ಎಂದದ್ದೇ ತಡ, ಜುಂಜಪ್ಪ ಕೋಲನ್ನು ಅಜ್ಜಮ್ಮನ ಕೈಗೆ ಕೊಟ್ಟು ಜೀಪು ಹತ್ತಿದ.

ನ್ಯಾಮತಿಯ ಮೈದಾನದಲ್ಲಿ ಮೊದಲು ನೆಲ ಸಮ ಮಾಡಿಸಿದ. ಗೋಲಿನ ಮುಂದೆ ಅಲ್ಲಲ್ಲಿ ಗರಿಕೆ ಉಳಿದಿತ್ತು. ಅದರ ಬುಡಕ್ಕೆ ಕೈ ಹಾಕಿದಾಗ ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಬೇರುಸಮೇತ ಕಿತ್ತ, ಒಂದು ಎಳೆಯನ್ನೂ ಬಿಡಲಿಲ್ಲ. ಮಣ್ಣಿಗೆ ಗೋಂದು ಹಿಡಿಯದು. ಆದ್ದರಿಂದ ಅಂಚುಗಳನ್ನು ಕಾಲುವೆ ತೋಡಿ ಹೂತ, ಪಟ್ಟಿಗಳನ್ನು ಗೋಣಿಚೀಲದ ದಬ್ಬಳದಿಂದ ಹುರಿ ಹಾಕಿ ಹೊಲಿದ. ಹೊಲಿದದ್ದರ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ, ಎಲ್ಲಿ ತಡೆಯುತ್ತದೋ ಅಲ್ಲಿ ಬಿಚ್ಚಿ ಮತ್ತೆ ಹೊಲಿದ.

ಟೂರ್ನಮೆಂಟು ಶುರುವಾಯಿತು. ಷಣ್ಮುಖಪ್ಪ ಪೆಂಡಾಲಿನಲ್ಲಿ ಕುರ್ಚಿ ಹಾಕಿಸಿದರೂ ಜುಂಜಪ್ಪ ಗೋಲಿನ ಹಿಂದೆಯೇ ಇದ್ದ. ಒಂದು ಆಟ ಮುಗಿದರೆ ಆಚೆ ಗೋಲಿಗೆ ಓಡುವನು, ಹೊಲಿಗೆ ಒತ್ತಿ ನೋಡುವನು, ಈಚೆಗೆ ಓಡಿಬರುವನು. ಜನ ನಕ್ಕರು. ಮೊಣಕೈ ಸುಲಿದುಕೊಂಡ ಗೋಲ್‌ಕೀಪರ್ ಒಬ್ಬ, "ಇದೇನು ಹುಲ್ಲಲ್ಲ, ಉಪ್ಪುಕಾಗದ" ಎಂದು ರೇಗಿದ. ಜುಂಜಪ್ಪ ಹುರಿ ಬಿಗಿದ.

ಕೊನೆಯ ಆಟದ ಕೊನೆಯ ಹೊತ್ತು. ಹೊರಗಿನ ತಂಡದ ಒಬ್ಬ ಕಟ್ಟುಮಸ್ತಾದ ಆಳು ಚೆಂಡಿನ ಹಿಂದೆ ನೇರ ಹೊಲಿಗೆಯ ಕಡೆಗೇ ನುಗ್ಗಿ ಬಂದ. ಜುಂಜಪ್ಪನ ಬಾಯಿಂದ "ಕಾಲು! ಕಾಲು!" ಎಂಬ ಕೂಗು ಹೊರಬಿತ್ತು. ಕಣ್ಣು ಮುಚ್ಚಿಕೊಂಡ. ದೊಡ್ಡ ಗದ್ದಲವೆದ್ದಿತು. ತೆರೆದು ನೋಡಿದರೆ ಚೆಂಡು ಬಲೆಯಲ್ಲಿ, ಆಳು ಎರಡೂ ಕಾಲ ಮೇಲೆ ಕುಣಿಯುತ್ತಿದ್ದ. ಜುಂಜಪ್ಪ ಹೊಲಿಗೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿ ನೋಡಿದ. ಬಹುಮಾನ ಹಂಚುವಾಗ ಶಾಲು ಹೊದಿಸಲು ಷಣ್ಮುಖಪ್ಪ ಮೈಕಿನಲ್ಲಿ ಅವನ ಹೆಸರು ಕೂಗಿಸಿದರು. ಅವನು ಅಲ್ಲಿರಲಿಲ್ಲ.

ಅಜ್ಜಮ್ಮ ಹಿಂಡಿನೊಂದಿಗೆ ಆ ಹೊತ್ತಿಗೆ ಹೊನ್ನಾಳಿ ರಸ್ತೆಗೆ ಬಂದು ತಲುಪಿದ್ದಳು. ಗಂಡ ಬಿರಬಿರನೆ ನಡೆದುಬರುವುದನ್ನು ದೂರದಿಂದಲೇ ನೋಡಿದಳು.

"ಯಾರಿಗಾದ್ರೂ ಪೆಟ್ಟಾತಾ?"

"ಇಲ್ಲ."

"ಮತ್ಯಾಕೆ ಹಿಂಗಿದೀಯ?"

"ಗೊತ್ತಿಲ್ಲ ಕಣೆ. ಆಗ್ಲಿಲ್ಲ ಅಂತ ಗೊತ್ತಾದ್ರೂ ಆದಂಗೇ ಐತೆ."

ಅವಳು ನೀರಿನ ಚೊಂಬು ಚಾಚಿದಳು.

ಮರುವರ್ಷ ಯಾವ ಗೋಲ್‌ಕೀಪರನೂ ಆ ಹಾಸಿನ ಮೇಲೆ ನಿಲ್ಲಲು ಒಪ್ಪಲಿಲ್ಲ. ಷಣ್ಮುಖಪ್ಪ ಅದನ್ನು ಕೀಳಿಸಿ ಮದುವೆ ಚಪ್ಪರಗಳಿಗೆ ಕೊಟ್ಟುಬಿಟ್ಟರು. ಮಳೆ ಹಿಡಿದ ಮೇಲೆ ಮೈದಾನಕ್ಕೆ ಗರಿಕೆ ನೆಡಿಸಿದರು. ಈ ಸುದ್ದಿಯನ್ನು ದಸ್ತಗೀರ್ ಹೊನ್ನಾಳಿ ಸಂತೆಯಲ್ಲಿ ಸಿಕ್ಕಾಗ ಹೇಳಿದ. ಜುಂಜಪ್ಪ ಕೇಳಿಸಿಕೊಂಡು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, "ಕಿತ್ತ ಜಾಗದಾಗೆ ಕಾಲಿಗೆ ಸಿಗಂಗೆ ಹುರಿ ಗಿರಿ ಉಳಿದಿಲ್ಲ ತಾನೆ? ಒಂದ್ಸಲ ಹೋಗಿ ನೋಡಿದ್ಯಾ?" ಎಂದು ಕೇಳಿದ. ದಸ್ತಗೀರ್ ನೋಡಿರಲಿಲ್ಲ. ಜುಂಜಪ್ಪ ಅಲ್ಲಿಂದಲೇ ನ್ಯಾಮತಿ ಬಸ್ಸು ಹತ್ತಿದ.