ಬಸಪ್ಪನ ಮೂಲೆ

ಹಿಂದಿನ ರಾಜರು ಪಗಡೆಯಾಡಿ ರಾಜ್ಯ ಕಳೆದುಕೊಂಡರಂತೆ. ನಾನು ಚೌಕಾಬಾರಾ ಆಡಿ ಕಳೆದುಕೊಂಡದ್ದು ನನ್ನ ಹೆಸರನ್ನು. ನಗಬೇಡಿ, ಪೂರಾ ಕೇಳಿ.

ಯುದ್ಧದ ಕಾಲ, ಸೀಮೆಎಣ್ಣೆಗೂ ಗತಿಯಿಲ್ಲದ ದಿನಗಳು. ಕೊಪ್ಪಳದ ಕಚೇರಿಯಿಂದ ನಿವೃತ್ತನಾಗಿದ್ದೆ. ಮಗನ ಮನೆ ತುಂಬ ಜನ. ಆದರೆ ಹೆಂಡತಿ ಹೋದ ಮೇಲೆ ನನ್ನೊಡನೆ ಮಾತಾಡುವವರೇ ಇರಲಿಲ್ಲ. "ಊಟಕ್ಕ ಬರ್ತೀರೇನ್ರಿ ಮಾವಾರ?" ಎಂದು ಸೊಸೆ ಕೇಳುವಳು, "ಬಂದೆ" ಎನ್ನುವೆ. ದಿನದ ಮಾತು ಅಲ್ಲಿಗೆ ಮುಗಿಯಿತು. ಒಮ್ಮೆ ಗೋಡೆಯ ಹಲ್ಲಿಗೆ ಕಚೇರಿಯ ಕಥೆ ಹೇಳತೊಡಗಿದ್ದೆ. ಅದೂ ನಡುವೆಯೇ ಹೊರಟುಹೋಯಿತು.

ಬೇವಿನ ಕಟ್ಟೆಯ ಮೇಲೆ ಬಳೆಗಾರ ಹುಸೇನಸಾಬ, ರೈತ ಗುರಪ್ಪ, ಪಕ್ಕದ ಭಾಗ್ಯನಗರದ ನೇಕಾರ ಈರಣ್ಣ, ಈ ಮೂವರು ಮುದುಕರು ದಿನಾ ಸಂಜೆ ಚೌಕಾಬಾರಾ ಆಡುತ್ತಿದ್ದರು. ನಾಲ್ಕನೆಯವನು ಬಸಪ್ಪ, ಆಗಲೇ ತೀರಿಕೊಂಡಿದ್ದ. ಆದರೂ ಅವನ ಸರದಿ ಬಂದಾಗ ಹುಸೇನಸಾಬ ಖಾಲಿ ಮೂಲೆಗೆ ತಿರುಗಿ "ಒಗಿಯೋ ಬಸಪ್ಪ" ಎನ್ನುವ. ತುಸು ಕಾಯುವ. ಆಮೇಲೆ ತಾನೇ ಅವನ ಪರವಾಗಿ ಕವಡೆ ಒಗೆಯುವ. ಗೆಲ್ಲುವವನು ಯಾವಾಗಲೂ ಬಸಪ್ಪನೇ! ಆಗ ಮೂವರೂ ಸೇರಿ ಅವನನ್ನು ಬಾಯ್ತುಂಬ ಬೈಯುತ್ತಿದ್ದರು. ಸತ್ತವನಿಗೂ ಇಷ್ಟು ಮಾತು ಸಿಗುತ್ತದಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಮೋಡ ಕವಿದ ಒಂದು ತಂಡಿ ಸಂಜೆ ಧೈರ್ಯ ಮಾಡಿ ಆ ಮೂಲೆಯಲ್ಲಿ ಕುಳಿತೆ. ಈಗಷ್ಟೇ ಯಾರೋ ಎದ್ದುಹೋದಂತೆ ಕಲ್ಲು ಬೆಚ್ಚಗಿತ್ತು. ಹುಸೇನಸಾಬ ಕವಡೆಗಳನ್ನು ನನ್ನ ಕೈಗಿತ್ತ.

"ಭಾಳ ದಿನಾತಲ್ಲೋ ಬಸಪ್ಪ. ಒಗಿ."

"ನಾ ಬಸಪ್ಪ ಅಲ್ರೀ, ಕಚೇರಿ ವಿರೂಪಾಕ್ಷಪ್ಪ" ಎಂದೆ.

"ಗೊತ್ತೈತ್ರಿ," ಎಂದ ಗುರಪ್ಪ. "ಆದ್ರ ಅಲ್ಲಿ ಯಾರು ಕುಂತ್ರೂ ಅವ ಬಸಪ್ಪನೇ. ಒಲ್ಲೆ ಅಂದ್ರ ಎದ್ದು ಹೋಗ್ರಿ."

ಎದ್ದು ಬಂದೆ. "ಊಟಕ್ಕ ಬರ್ತೀರೇನ್ರಿ ಮಾವಾರ?" "ಬಂದೆ." ಅಂದು ಹಲ್ಲಿಯೂ ಇರಲಿಲ್ಲ.

ಮರುದಿನ ಮರ್ಯಾದೆ ಬಿಟ್ಟು ಮತ್ತೆ ಹೋಗಿ ಕುಳಿತೆ. ಕವಡೆ ಒಗೆದೆ, ಎಲ್ಲಕ್ಕಿಂತ ದೊಡ್ಡ ಗರ, ಬಾರಾ ಬಿತ್ತು. ಆಟವೇ ಸರಿಯಾಗಿ ಬಾರದ ನಾನು ದಿನಾ ಗೆಲ್ಲತೊಡಗಿದೆ. ಏನು ಬೈಗುಳ, ಏನು ಬೈಗುಳ! ರೊಟ್ಟಿ ರುಚಿಸಿತು, ಕಣ್ಣಿಗೆ ನಿದ್ದೆ ಹತ್ತಿತು. ಆದರೂ ಸತ್ತವನ ಪಾಲಿನದನ್ನು ಉಣ್ಣುತ್ತಿದ್ದೇನೆಂಬ ಅಳುಕು ಹೋಗಲಿಲ್ಲ. ಕೊನೆಗೆ ಈರಣ್ಣನನ್ನು ಕೇಳಿಯೇಬಿಟ್ಟೆ, "ಆ ಬಸಪ್ಪ ಹೆಂಗಿದ್ದ?"

"ಯಾವ ಬಸಪ್ಪ? ನಿನಗಿಂತ ಮೊದಲಿನವ? ಅವನ ಹೆಸರು ಶಿವಲಿಂಗಪ್ಪ. ಅವನಿಗಿಂತ ಮೊದಲು ಕುಂತಿದ್ದವ ಕರೀಮಸಾಬ. ಮೊದಲನೇ ಬಸಪ್ಪನ್ನ ನಾವು ಯಾರೂ ನೋಡಿಲ್ಲ."

ಕೈಯಲ್ಲಿದ್ದ ಕವಡೆಗಳು ತಣ್ಣಗಾದವು. ಎದ್ದು ಓಡಬೇಕೆನಿಸಿತು, ನಿಜ.

"ಒಗಿಯೋ ಬಸಪ್ಪ, ಎಷ್ಟು ಕಾಯೂದು!" ಎಂದು ಗುರಪ್ಪ ಗದರಿದ.

ಎಷ್ಟು ವರ್ಷವಾಗಿತ್ತು, ಯಾರಾದರೂ ನನಗಾಗಿ ಕಾದು! ಒಗೆದೆ.